ಯಂತ್ರ ಕೆಟ್ಟಿತೋ, ಕೆಡಿಸಿದರೋ?

ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಕ್ಲಿನಿಕ್ ಎಂದರೆ ಸಾಮಾನ್ಯವಾಗಿ ಒಬ್ಬ ವೈದ್ಯರು, ಇಬ್ಬರು ಮೂವರು ನರ್ಸ್‌ಗಳು, ಒಬ್ಬ ಲ್ಯಾಬ್ ಟೆಕ್ನಿಷಿಯನ್, ಒಬ್ಬ ಆಯಾ. ಇಂಥ ಕಡೆ ಇಸಿಜಿ ಯಂತ್ರವೋ ರಕ್ತಪರೀಕ್ಷೆಯ ಅನಲೈಸರೋ ತಿಂಗಳಲ್ಲಿ ಎರಡನೇ ಸಲ ಕೈಕೊಟ್ಟಿತೆಂದರೆ ‘ಯಾರೋ ಬೇಕಂತಲೇ ಕೆಡಿಸ್ಯಾರ’ ಎಂಬ ಮಾತು ಸಂಜೆಯೊಳಗೆ ಹುಟ್ಟುತ್ತದೆ. ಮರುದಿನ ಬೆಳಗಾಗುವಷ್ಟರಲ್ಲಿ ಆ ‘ಯಾರೋ’ಗೆ ಒಂದು ಹೆಸರೂ ಸಿಕ್ಕಿರುತ್ತದೆ. ಐದಾರು ಜನರ ನಡುವೆ ಹೆಸರು ಹುಡುಕುವುದು ಕಷ್ಟವಲ್ಲ. ಸಂಬಳದ ವಿಷಯಕ್ಕೆ ಜಗಳವಾಡಿದವರು, ರಜೆ ಸಿಗದೆ ಮುನಿಸಿಕೊಂಡವರು, ಎದುರಿನ ಲ್ಯಾಬಿನವರಿಗೆ ನಂಟರಾದವರು ಯಾರಾದರೊಬ್ಬರು ಇದ್ದೇ ಇರುತ್ತಾರೆ. ಸರ್ಕಾರಿ ಆಸ್ಪತ್ರೆಯಾದರೆ ಊರವರೇ ಕಾರಣವನ್ನೂ ಹೇಳಿಬಿಡುತ್ತಾರೆ, ‘ಹೊರಗೆ ಬರೆದುಕೊಡಲಿಕ್ಕೆ ಎಕ್ಸ್‌ರೇ ಕೆಡಿಸಿ ಇಟ್ಟಾರ’ ಎಂದು. ಸಂದೇಹ ಬರುವುದು ಸಹಜ. ರೋಗಿಯ ಜೀವ ಯಂತ್ರವನ್ನು ನಂಬಿಕೊಂಡಿರುವಾಗ ಸಂದೇಹ ಬರಲೂಬೇಕು. ಅದನ್ನು ಯಾವ ದಾರಿಯಲ್ಲಿ ನಡೆಸುತ್ತೇವೆ ಎಂಬುದೇ ಪ್ರಶ್ನೆ. ಮೊದಲು ಯಂತ್ರದ ವಿಚಾರಣೆ, ಆಮೇಲೆ ಮನುಷ್ಯರ ವಿಚಾರಣೆ ಎಂಬುದು ಈ ಲೇಖನದ ವಾದ. ಈ ಕ್ರಮ ರೋಗಿಯನ್ನು ಉಳಿಸುತ್ತದೆ, ತಪ್ಪು ಮಾಡದವರನ್ನು ಉಳಿಸುತ್ತದೆ, ನಿಜಕ್ಕೂ ಕೆಡಿಸಿದವರಿದ್ದರೆ ಅವರನ್ನು ಹಿಡಿದುಕೊಡುವುದೂ ಇದೇ ಕ್ರಮ. ಉಲ್ಟಾ ನಡೆದರೆ ಮೂರೂ ಕೈತಪ್ಪುತ್ತವೆ.

ಯಂತ್ರದಿಂದಲೇ ಏಕೆ ಶುರುಮಾಡಬೇಕು ಎಂಬುದಕ್ಕೆ ಲೆಕ್ಕವೇ ಉತ್ತರ. ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ 2015ರಲ್ಲಿ ವೈದ್ಯಕೀಯ ಉಪಕರಣಗಳ ನಿರ್ವಹಣಾ ಕಾರ್ಯಕ್ರಮ ಶುರುವಾದಾಗ 29 ರಾಜ್ಯಗಳ 29,115 ಸರ್ಕಾರಿ ಆರೋಗ್ಯ ಸಂಸ್ಥೆಗಳಲ್ಲಿ 7,56,750 ಉಪಕರಣಗಳನ್ನು ಎಣಿಸಲಾಯಿತು. ರಾಜ್ಯದಿಂದ ರಾಜ್ಯಕ್ಕೆ ವ್ಯತ್ಯಾಸವಿದ್ದರೂ, ಕೆಲಸ ಮಾಡದೆ ಬಿದ್ದಿದ್ದವು ಶೇ 13ರಿಂದ ಶೇ 34ರಷ್ಟು. ಅದೇ ಕಾರ್ಯಕ್ರಮ ನಿರ್ವಹಣಾ ಗುತ್ತಿಗೆದಾರರಿಗೆ ಹಾಕಿದ ಷರತ್ತನ್ನೂ ನೋಡಿ: ಉಪಕರಣಗಳು ಜಿಲ್ಲಾಸ್ಪತ್ರೆಯಲ್ಲಿ ಶೇ 95ರಷ್ಟು, ಸಮುದಾಯ ಆರೋಗ್ಯ ಕೇಂದ್ರದಲ್ಲಿ ಶೇ 90ರಷ್ಟು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಶೇ 80ರಷ್ಟು ಹೊತ್ತು ಕೆಲಸ ಮಾಡುವ ಸ್ಥಿತಿಯಲ್ಲಿರಬೇಕು. ಅಂದರೆ ಹಳ್ಳಿಯ ಆಸ್ಪತ್ರೆಯಲ್ಲಿ ಐದರಲ್ಲಿ ಒಂದು ಪಾಲು ಹೊತ್ತು ಯಂತ್ರ ನಿಂತಿರಬಹುದು ಎಂದು ಯೋಜನೆಯೇ ಒಪ್ಪಿಕೊಂಡಿದೆ. ಇಷ್ಟೊಂದು ಯಂತ್ರಗಳು ಯಾರ ದ್ವೇಷವೂ ಇಲ್ಲದೆ ತಾವಾಗಿಯೇ ಕೆಡುತ್ತಿರುವಾಗ, ನಿಮ್ಮ ಕ್ಲಿನಿಕ್ಕಿನ ಒಂದು ಯಂತ್ರ ಕೆಟ್ಟದ್ದು ಮೊದಲ ನೋಟಕ್ಕೆ ಯಾರ ವಿರುದ್ಧವೂ ಸಾಕ್ಷಿಯಾಗುವುದಿಲ್ಲ.

ನಮ್ಮ ಸೀಮೆಯಲ್ಲಂತೂ ಕೆಡುವುದಕ್ಕೆ ಕಾರಣಗಳು ಧಾರಾಳ. ಕೊಳವೆಬಾವಿಯ ಗಡಸು ನೀರನ್ನೇ ಆಟೋಕ್ಲೇವಿಗೆ ಹಾಕಿದರೆ ಕೆಲವೇ ತಿಂಗಳಲ್ಲಿ ಹೀಟರ್ ಕಾಯಿಲಿನ ಮೇಲೆ ಬಿಳಿ ಪೊರೆ ಕಟ್ಟಿ, ಶಾಖ ನೀರಿಗೆ ಹೋಗದೆ ಕಾಯಿಲೇ ಸುಟ್ಟುಹೋಗುತ್ತದೆ. ಹೊಲಗಳ ಪಂಪ್‌ಸೆಟ್ಟುಗಳು ಒಟ್ಟಿಗೆ ಓಡುವ ಹೊತ್ತಿನಲ್ಲಿ ವೋಲ್ಟೇಜ್ ಕುಸಿಯುತ್ತದೆ, ಅವು ನಿಂತೊಡನೆ ಜಿಗಿಯುತ್ತದೆ. ಸ್ಟೆಬಿಲೈಜರ್ ಇಲ್ಲದ ಅನಲೈಸರಿನ ಪವರ್ ಬೋರ್ಡಿಗೆ ಆ ಜಿಗಿತ ಒಂದೇ ಸಾಕು. ಬೇಸಿಗೆಯ ಧೂಳು ಆಮ್ಲಜನಕದ ಕಾನ್ಸಂಟ್ರೇಟರಿನ ಫಿಲ್ಟರನ್ನು ಮುಚ್ಚುತ್ತದೆ. ಸ್ಟೆಬಿಲೈಜರಿನೊಳಗೆ ಹಲ್ಲಿ ಸತ್ತು ಶಾರ್ಟ್ ಆಗುವುದು, ಇಲಿ ಕೇಬಲ್ ಕಡಿಯುವುದು ಎಲ್ಲರೂ ಕಂಡದ್ದೇ. ದುರಸ್ತಿಯ ಎಂಜಿನಿಯರು ದಾವಣಗೆರೆ, ಹುಬ್ಬಳ್ಳಿ, ಬೆಂಗಳೂರಿನಿಂದ ಬರಬೇಕಾದ್ದರಿಂದ ಅರೆಬರೆ ರಿಪೇರಿಯ ಯಂತ್ರ ಮತ್ತೆ ಮತ್ತೆ ಕೆಡುತ್ತದೆ. ‘ಒಂದೇ ತಿಂಗಳಲ್ಲಿ ಮೂರು ಸಲ ಕೆಟ್ಟಿತು, ಇದರಲ್ಲಿ ಏನೋ ಇದೆ’ ಎನ್ನುವ ಮುಂಚೆ, ಮೊದಲ ಸಲದ ದುರಸ್ತಿ ಪೂರ್ತಿಯಾಗಿತ್ತೇ ಎಂದು ಸರ್ವಿಸ್ ರಿಪೋರ್ಟ್ ತೆಗೆದು ನೋಡಬೇಕು.

ಹಾಗೆಂದು ಯಂತ್ರ ಮೂಕವಲ್ಲ, ಹತ್ತಿರದಿಂದ ನೋಡಿದರೆ ಎಷ್ಟೋ ವಿಷಯ ಹೇಳುತ್ತದೆ. ಇಸಿಜಿಯ ಲೀಡ್ ತಂತಿಯನ್ನೇ ತೆಗೆದುಕೊಳ್ಳಿ. ದಿನವೂ ಸುತ್ತಿಟ್ಟು ಬಿಚ್ಚಿ ಸವೆದ ತಂತಿ ಸಾಮಾನ್ಯವಾಗಿ ಪ್ಲಗ್ಗಿನ ಬುಡದಲ್ಲಿ, ಬಾಗುವ ಜಾಗದಲ್ಲೇ ತುಂಡಾಗುತ್ತದೆ. ಅಲ್ಲಿ ಹೊರಗಿನ ರಬ್ಬರ್ ಮೊದಲೇ ಬಿರಿದು ಬಣ್ಣಗೆಟ್ಟಿರುತ್ತದೆ. ಒಳಗಿನ ತಾಮ್ರದ ಎಳೆಗಳು ಒಂದೊಂದೂ ಒಂದೊಂದು ಉದ್ದಕ್ಕೆ ಹರಿದು, ಮೊದಲು ಹರಿದವು ಕಪ್ಪಾಗಿ, ಕೊನೆಗೆ ಹರಿದವು ಹೊಳೆಯುತ್ತಿರುತ್ತವೆ. ಬ್ಲೇಡಿನಲ್ಲೋ ಕತ್ತರಿಯಲ್ಲೋ ಕತ್ತರಿಸಿದ ತಂತಿಯಲ್ಲಿ ರಬ್ಬರಿನ ಅಂಚು ನೇರ, ಎಳೆಗಳೆಲ್ಲ ಒಂದೇ ಮಟ್ಟ, ಎಲ್ಲವೂ ಒಂದೇ ಹೊಳಪು. ಇಲಿ ಕಡಿದಿದ್ದರೆ ರಬ್ಬರಿನ ಮೇಲೆ ಜೋಡಿ ಹಲ್ಲಿನ ಸಣ್ಣ ಗೀರುಗಳು, ಸುತ್ತ ಪುಡಿ, ಹಿಕ್ಕೆ. ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿದರೆ ಸುಲಭವಾಗಿ ತಿಳಿಯುವ ವ್ಯತ್ಯಾಸ ಇದು. ಲಸಿಕೆಯ ಫ್ರಿಜ್ ಇನ್ನೂ ಸ್ಪಷ್ಟವಾಗಿ ಮಾತಾಡುತ್ತದೆ. 2ರಿಂದ 8 ಡಿಗ್ರಿಯೊಳಗೆ ಇರಬೇಕಾದ ಶಾಖವನ್ನು ಸಿಬ್ಬಂದಿ ದಿನಕ್ಕೆರಡು ಸಲ ಬರೆದಿಡುತ್ತಾರೆ. ಲಸಿಕೆ ನಿಗಾದ ಇ-ವಿನ್ ವ್ಯವಸ್ಥೆಯ ಸಾಧನ ಇರುವ ಕಡೆ ಅದು ತಾನೇ ದಾಖಲಿಸುತ್ತಲೂ ಇರುತ್ತದೆ. ವಿದ್ಯುತ್ ಹೋದರೆ ಶಾಖ ನಿಧಾನವಾಗಿ ಏರುತ್ತದೆ. ಥರ್ಮೋಸ್ಟಾಟ್ ಗುಂಡಿಯನ್ನು ಯಾರೋ ತಿರುಗಿಸಿದ್ದರೆ ಶಾಖ ಹೊಸ ಮಟ್ಟಕ್ಕೆ ಇಳಿದೋ ಏರಿಯೋ ಅಲ್ಲೇ ನಿಲ್ಲುತ್ತದೆ, ಬದಲಾಗಲು ಶುರುವಾದ ಹೊತ್ತೂ ದಾಖಲೆಯಲ್ಲಿ ಸಿಗುತ್ತದೆ.

ಕೆಟ್ಟದ್ದು ಮತ್ತು ಕೆಡಿಸಿದ್ದು ಇವೆರಡರ ನಡುವೆ ಇನ್ನೊಂದು ದೊಡ್ಡ ಗುಂಪಿದೆ, ಅದನ್ನು ಮರೆತರೆ ತಪ್ಪು ತೀರ್ಮಾನಕ್ಕೆ ಬರುತ್ತೇವೆ: ಕೆಲಸ ಸಾಗಲೆಂದು ಮಾಡಿದ ಅಡ್ಡದಾರಿಗಳು. ಮೊಬೈಲ್ ಚಾರ್ಜಿಗೆಂದು ಫ್ರಿಜ್ಜಿನ ಪ್ಲಗ್ ಕಿತ್ತು ಮರಳಿ ಹಾಕಲು ಮರೆತದ್ದು, ಕಿವಿಗೆ ರಾಚುತ್ತದೆಂದು ಮಾನಿಟರಿನ ಅಲಾರಂ ಬಂದ್ ಮಾಡಿದ್ದು, ಫ್ಯೂಸ್ ಸಿಗದೆ ತಾಮ್ರದ ತಂತಿ ಸುತ್ತಿದ್ದು, ಡಿಸ್ಟಿಲ್ಡ್ ನೀರು ಮುಗಿದಿತ್ತೆಂದು ನಲ್ಲಿ ನೀರು ಹಾಕಿದ್ದು, ನವಜಾತ ಶಿಶುವಿನ ವಾರ್ಮರಿನ ಶಾಖದ ಸೆನ್ಸರ್ ಪದೇ ಪದೇ ಕಳಚುತ್ತದೆಂದು ಅದನ್ನು ಹಾಸಿಗೆಯ ಮೇಲೇ ಬಿಟ್ಟದ್ದು. ಇವು ಅಪಾಯಕಾರಿ, ಕೊನೆಯದಂತೂ ಮಗುವಿನ ಮೈ ಸುಡುವಷ್ಟು. ಮಾಡಿದವರಲ್ಲಿ ದ್ವೇಷ ಮಾತ್ರ ಇರುವುದಿಲ್ಲ. ಇಂಥದ್ದಕ್ಕೆ ‘ವಿಧ್ವಂಸಕ ಕೃತ್ಯ’ ಎಂಬ ಪಟ್ಟ ಕಟ್ಟಿದರೆ ಮುಂದಿನ ಸಲ ಅಡ್ಡದಾರಿ ಹಿಡಿದವರು ಒಪ್ಪಿಕೊಳ್ಳುವ ಬದಲು ಮುಚ್ಚಿಡುತ್ತಾರೆ. ಮುಚ್ಚಿಟ್ಟ ತಪ್ಪು ರೋಗಿಗೆ ಇನ್ನೂ ದೊಡ್ಡ ಅಪಾಯ.

ಹಾಗಾದರೆ ಬೇಕೆಂದೇ ಕೆಡಿಸುವವರು ಇಲ್ಲವೇ? ಇದ್ದಾರೆ. ಅಮೆರಿಕದ ಡಾಲಸ್ ನಗರದ ಒಂದು ಶಸ್ತ್ರಚಿಕಿತ್ಸಾ ಕೇಂದ್ರದಲ್ಲಿ 2022ರ ಮೇಯಿಂದ ಆಗಸ್ಟ್‌ವರೆಗೆ, ಸಾಮಾನ್ಯ ಶಸ್ತ್ರಚಿಕಿತ್ಸೆಗೆ ಬಂದ ಆರೋಗ್ಯವಂತರ ಹೃದಯ ಇದ್ದಕ್ಕಿದ್ದಂತೆ ಕೈಕೊಡುತ್ತಿತ್ತು. ಅಲ್ಲಿನ ಒಬ್ಬ ವೈದ್ಯೆ ನಿತ್ರಾಣವೆಂದು ಕೇಂದ್ರದಿಂದ ಸಲೈನ್ ಚೀಲವೊಂದನ್ನು ಮನೆಗೆ ಒಯ್ದು ತಾವೇ ಹಾಕಿಕೊಂಡು ತೀರಿಕೊಂಡರು. ಕೊನೆಗೆ, ಬಳಸಿದ ಚೀಲಗಳನ್ನು ಎಸೆಯದೆ ತೆಗೆದಿಟ್ಟು ಪರೀಕ್ಷಿಸಿದಾಗ ಅವುಗಳಲ್ಲಿ ಇರಬಾರದ ಬ್ಯುಪಿವಕೇನ್ ಎಂಬ ಅರಿವಳಿಕೆ ಮುಂತಾದ ಔಷಧಗಳು ಸಿಕ್ಕವು, ಹೊರ ಪ್ಲಾಸ್ಟಿಕ್ಕಿನಲ್ಲಿ ಸೂಜಿಯ ಸಣ್ಣ ರಂಧ್ರ ಕಂಡಿತು. ಚೀಲಗಳನ್ನು ಬೆಚ್ಚಗಿಡುವ ಪೆಟ್ಟಿಗೆಗೆ ಯಾರು ಯಾವಾಗ ಚೀಲ ಇಟ್ಟರು ಎಂಬುದು ಕ್ಯಾಮೆರಾದಲ್ಲಿತ್ತು. ಅಲ್ಲಿನ ಅರಿವಳಿಕೆ ತಜ್ಞ ರೇನಾಲ್ಡೊ ಒರ್ಟೀಜ್ ತಪ್ಪಿತಸ್ಥನೆಂದು 2024ರ ಏಪ್ರಿಲ್‌ನಲ್ಲಿ ತೀರ್ಪಾಯಿತು, ನವೆಂಬರಿನಲ್ಲಿ 190 ವರ್ಷಗಳ ಶಿಕ್ಷೆಯಾಯಿತು. ಅವನನ್ನು ಹಿಡಿದುಕೊಟ್ಟ ಸರಪಳಿಯಲ್ಲಿ ಮೊದಲ ಕೊಂಡಿ ಚೀಲ, ಎರಡನೆಯದು ಚೀಲ ಇಟ್ಟ ಹೊತ್ತು, ಮೂರನೆಯದು ಇಟ್ಟ ಕೈ. ಸಹೋದ್ಯೋಗಿಗಳ ಗುಸುಗುಸು ಆ ಸರಪಳಿಯಲ್ಲಿ ಎಲ್ಲೂ ಇಲ್ಲ. ಚೀಲ ಕಸದ ಬುಟ್ಟಿ ಸೇರಿದ್ದರೆ ಎಷ್ಟು ಬಲವಾದ ಅನುಮಾನವೂ ಅನುಮಾನವಾಗಿಯೇ ಉಳಿಯುತ್ತಿತ್ತು.

ನಮ್ಮ ಪಕ್ಕದಲ್ಲೇ ಎರಡು ಘಟನೆಗಳಿವೆ. ಈ ತಾಲ್ಲೂಕುಗಳಿಂದ ಗಂಭೀರ ರೋಗಿಗಳನ್ನು ಬಹಳ ಕಾಲದಿಂದ ಕಳುಹಿಸುತ್ತ ಬಂದಿರುವ ಬಳ್ಳಾರಿಯ ಆಗಿನ ವಿಮ್ಸ್ ಆಸ್ಪತ್ರೆಯಲ್ಲಿ 2022ರ ಸೆಪ್ಟೆಂಬರ್ 14ರಂದು ವಿದ್ಯುತ್ ಕೈಕೊಟ್ಟು, ತೀವ್ರ ನಿಗಾ ಘಟಕದಲ್ಲಿದ್ದ ರೋಗಿಗಳು ವೆಂಟಿಲೇಟರ್ ನಿಂತು ಸತ್ತರೆಂದು ಕುಟುಂಬದವರು ದೂರಿದರು. ಸಾವಿಗೆ ವಿದ್ಯುತ್ ಕಾರಣವಲ್ಲ ಎಂಬುದು ಸರ್ಕಾರದ ಕಡೆಯ ಮಾತು. ವಿಧಾನಸಭೆಯಲ್ಲಿ ಗದ್ದಲವಾಯಿತು, ತನಿಖಾ ಸಮಿತಿ ನೇಮಕವಾಯಿತು, ಈ ನಡುವೆ ಒಳಗಿನವರ ಷಡ್ಯಂತ್ರವೆಂಬ ಮಾತೂ ಕೇಳಿಬಂತು. ಜನ ಕೇಳುತ್ತಿದ್ದುದು ಮಾತ್ರ ಸರಳ ಪ್ರಶ್ನೆಗಳನ್ನು: ಕರೆಂಟ್ ಹೋದದ್ದು ಎಷ್ಟು ಹೊತ್ತಿಗೆ, ಜನರೇಟರ್ ಏಕೆ ಹಿಡಿಯಲಿಲ್ಲ, ವೆಂಟಿಲೇಟರ್ ಬ್ಯಾಟರಿ ಎಷ್ಟು ನಿಮಿಷ ಓಡಿತು? ಇವಕ್ಕೆ ಉತ್ತರ ಇರುವುದು ಯಂತ್ರದ ದಾಖಲೆಯಲ್ಲಿ. ಎರಡನೆಯದು 2024ರ ನವೆಂಬರಿನದು. ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಮೊದಲ ಕೋಪ ಹಾಸಿಗೆಯ ಪಕ್ಕದಲ್ಲಿದ್ದ ವೈದ್ಯರು, ನರ್ಸ್‌ಗಳ ಮೇಲೆ ತಿರುಗಿತು. ಆಮೇಲೆ ಅನುಮಾನ ಬಿದ್ದದ್ದು ಪಶ್ಚಿಮ ಬಂಗಾಳದ ಕಂಪನಿಯೊಂದು ಪೂರೈಸಿದ, ರಕ್ತನಾಳಕ್ಕೆ ಹಾಕುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಅದರ ಬಳಕೆ ನಿಂತಿತು, ರಾಜ್ಯದ ಔಷಧ ನಿಯಂತ್ರಕರು ಅಮಾನತಾದರು. ಬಾಟಲಿಯ ಬ್ಯಾಚ್ ಸಂಖ್ಯೆಯನ್ನು ಯಾರೂ ನೋಡದೆ ಇದ್ದಿದ್ದರೆ ಆ ದಿನಗಳ ಡ್ಯೂಟಿಯವರೇ ಬದುಕಿಡೀ ಆ ಸಾವುಗಳನ್ನು ಹೊತ್ತುಕೊಂಡಿರಬೇಕಾಗಿತ್ತು.

ಈಗ ಕೆಲಸದ ಮಾತು. ಯಂತ್ರದಲ್ಲಿ ಏನೋ ಎಡವಟ್ಟಾಗಿದೆ, ಅದು ತಾನಾಗಿ ಆದಂತಿಲ್ಲ ಎನಿಸಿದ ಮೊದಲ ಗಂಟೆಯಲ್ಲಿ ಮಾಡುವ ಕೆಲಸವೇ ಮುಂದಿನ ಎಲ್ಲವನ್ನೂ ತೀರ್ಮಾನಿಸುತ್ತದೆ. ರೋಗಿ ಆ ಯಂತ್ರದ ಮೇಲಿದ್ದರೆ ಮೊದಲು ರೋಗಿಯನ್ನು ಬಿಡಿಸಿ: ಕೈಯಿಂದ ಅಂಬು ಬ್ಯಾಗ್, ಸಿಲಿಂಡರಿನ ಆಮ್ಲಜನಕ, ಇನ್ನೊಂದು ಕ್ಲಿನಿಕ್ಕಿನ ಯಂತ್ರ, ಇಲ್ಲವೇ ಹೊಸಪೇಟೆಗೋ ದಾವಣಗೆರೆಗೋ ರೆಫರ್. ಆಮೇಲೆ ಯಂತ್ರಕ್ಕೆ ‘ಬಳಸಬೇಡಿ’ ಎಂಬ ಚೀಟಿ ಅಂಟಿಸಿ, ದಿನಾಂಕ, ಹೊತ್ತು, ಸಹಿ ಹಾಕಿ. ಬಿಚ್ಚಬೇಡಿ, ಒರೆಸಬೇಡಿ, ‘ಒಂದು ಸಲ ಆಫ್ ಮಾಡಿ ಆನ್ ಮಾಡೋಣ’ ಎಂದು ಪ್ರಯೋಗ ಮಾಡಬೇಡಿ. ಕೆಲವು ಯಂತ್ರಗಳಲ್ಲಿ ಹಾಗೆ ಮಾಡಿದೊಡನೆ ಪರದೆಯ ಮೇಲಿನ ದೋಷದ ಸೂಚನೆ ಅಳಿಸಿಹೋಗುತ್ತದೆ. ಪರದೆ, ಪ್ಲಗ್, ಗುಂಡಿಗಳ ಸ್ಥಾನ, ಕೇಬಲಿನ ತುದಿ, ಸೀಲ್, ಸುತ್ತಲಿನ ನೆಲ ಇಷ್ಟರ ಫೋಟೋ ತೆಗೆಯಿರಿ. ಯಂತ್ರದ ಗಡಿಯಾರ ತೋರಿಸುವ ಹೊತ್ತನ್ನೂ ನಿಮ್ಮ ಮೊಬೈಲಿನ ಹೊತ್ತನ್ನೂ ಒಂದೇ ಚಿತ್ರದಲ್ಲಿ ಹಿಡಿಯಿರಿ. ನಮ್ಮ ಎಷ್ಟೋ ಯಂತ್ರಗಳ ಗಡಿಯಾರ ತಂದ ದಿನದಿಂದ ತಪ್ಪೇ ಇರುತ್ತದೆ, ಆ ವ್ಯತ್ಯಾಸ ದಾಖಲಾಗದಿದ್ದರೆ ಒಳಗಿನ ಲಾಗ್ ಯಾರೋ ಒಬ್ಬರ ಡ್ಯೂಟಿಯ ಹೊತ್ತನ್ನು ಸುಳ್ಳುಸುಳ್ಳೇ ತೋರಿಸಬಹುದು. ಬಿಡಿಭಾಗ, ಸಿರಿಂಜ್, ರೀಏಜೆಂಟ್ ಬಾಟಲಿ, ಸಲೈನ್ ಚೀಲ ಇದ್ದರೆ ಕವರಿಗೆ ಹಾಕಿ ಅಂಟಿಸಿ, ಅಂಟಿನ ಮೇಲೆ ಇಬ್ಬರ ಸಹಿ ಮಾಡಿ ಬೀರುವಿನಲ್ಲಿಡಿ. ಆ ಇಬ್ಬರಲ್ಲಿ ಒಬ್ಬರು ಈ ವಿಷಯದಲ್ಲಿ ಯಾರ ಕಡೆಯವರೂ ಆಗಿರಬಾರದು.

ಅದೇ ದಿನ ಕಾಗದದ ಮೇಲೆ ಬರೆಯಿರಿ. ಕಂಡದ್ದನ್ನು ಮಾತ್ರ ಬರೆಯಿರಿ, ಊಹೆಯನ್ನು ಬರೆಯಬೇಡಿ. ‘ಬೆಳಿಗ್ಗೆ 9.10ಕ್ಕೆ ಅನಲೈಸರಿನ ಹೀರುಕೊಳವೆ ಕಳಚಿತ್ತು. ಹಿಂದಿನ ಸಂಜೆ 6.30ಕ್ಕೆ ಕಂಟ್ರೋಲ್ ಸೀರಂ ಸರಿಯಾದ ಬೆಲೆ ತೋರಿಸಿತ್ತು. ಕೋಣೆಯ ಬೀಗದ ಕೈಗಳು ಇಂತಿಂಥ ಮೂವರ ಬಳಿ ಇವೆ’ ಎಂಬುದು ದಾಖಲೆ. ‘ನನ್ನ ಮೇಲಿನ ಹೊಟ್ಟೆಕಿಚ್ಚಿಗೆ ಅವಳು ಕೊಳವೆ ಕಿತ್ತಿದ್ದಾಳೆ’ ಎಂಬುದು ಆರೋಪ, ಸಾಬೀತಾಗದಿದ್ದರೆ ಬರೆದವರ ಕೊರಳಿಗೇ ಬರುತ್ತದೆ. ಈ ಕಾಗದ ವೈದ್ಯರಿಗೋ ಆಡಳಿತಾಧಿಕಾರಿಗೋ ಹೋಗಲಿ, ಸ್ವೀಕೃತಿಯ ಸಹಿಯಿರುವ ಪ್ರತಿ ನಿಮ್ಮಲ್ಲಿರಲಿ. ಸರ್ಕಾರಿ ಆಸ್ಪತ್ರೆಯಾದರೆ ಆಡಳಿತ ವೈದ್ಯಾಧಿಕಾರಿ, ತಾಲ್ಲೂಕು ಆರೋಗ್ಯಾಧಿಕಾರಿ, ಜಿಲ್ಲಾ ಆರೋಗ್ಯಾಧಿಕಾರಿ ಎಂಬ ಕ್ರಮ. ಜತೆಗೆ ನಿರ್ವಹಣಾ ಗುತ್ತಿಗೆಯ ದೂರು ಸಂಖ್ಯೆ. ಸಿಬ್ಬಂದಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಮಾತ್ರ ಒಂದಕ್ಷರವೂ ಬೇಡ. ಕೊಟ್ಟೂರಿನ ಕ್ಲಿನಿಕ್ಕಿನ ಗುಂಪಿನಲ್ಲಿ ಬೆಳಿಗ್ಗೆ ಹಾಕಿದ ಅನುಮಾನ ಮಧ್ಯಾಹ್ನಕ್ಕೆ ಹಗರಿಬೊಮ್ಮನಹಳ್ಳಿಯ ಔಷಧಿ ಅಂಗಡಿಯಲ್ಲಿ ಸುದ್ದಿಯಾಗಿರುತ್ತದೆ. ಒಬ್ಬ ನರ್ಸಿಗೆ ಕೆಲಸ ಸಿಗಬಹುದಾದ ಆಸ್ಪತ್ರೆಗಳೇ ಬೆರಳೆಣಿಕೆಯಷ್ಟಿರುವ ಊರುಗಳಲ್ಲಿ, ಹೆಸರಿಗೆ ಅಂಟಿದ ಇಂಥ ಮಾತನ್ನು ಆಮೇಲೆ ಯಾವ ವಿಚಾರಣೆಯೂ ತೊಳೆಯಲಾರದು.

ಇದಕ್ಕೆ ಬರುವ ಮೊದಲ ಆಕ್ಷೇಪ, ಇಷ್ಟೆಲ್ಲ ಮಾಡುತ್ತ ಕೂತರೆ ಕೆಡಿಸಿದವರು ಇನ್ನೊಂದು ಯಂತ್ರಕ್ಕೆ ಕೈಹಾಕುತ್ತಾರೆ, ರೋಗಿ ಸಾಯುತ್ತಾನೆ ಎಂಬುದು. ಆತಂಕ ನ್ಯಾಯವಾದದ್ದೇ. ಆದರೆ ಮೇಲಿನ ಕೆಲಸಗಳಿಗೆ ಅರ್ಧ ಗಂಟೆ ಸಾಕು, ಯಂತ್ರವಂತೂ ಮೊದಲ ನಿಮಿಷದಲ್ಲೇ ಬಳಕೆಯಿಂದ ಹೊರಗೆ ಹೋಗಿರುತ್ತದೆ. ಉಳಿದ ಯಂತ್ರಗಳನ್ನು ಪ್ರತಿ ಪಾಳಿಯ ಆರಂಭದಲ್ಲಿ ಇಬ್ಬರು ಸೇರಿ ಪರೀಕ್ಷಿಸುವ ನಿಯಮವನ್ನು ಅದೇ ದಿನ ತರಬಹುದು. ಎಲ್ಲರಿಗೂ ಒಂದೇ ನಿಯಮವಾದ್ದರಿಂದ ಯಾರ ಕಡೆಗೂ ಬೊಟ್ಟು ಮಾಡಿದಂತಾಗುವುದಿಲ್ಲ. ಅಪಾಯ ನಿಜಕ್ಕೂ ದೊಡ್ಡದಿದ್ದರೆ, ಅಂದರೆ ಇಂಜೆಕ್ಷನ್, ಸಲೈನ್, ಆಮ್ಲಜನಕದ ವಿಷಯವಾಗಿದ್ದರೆ, ಅದೇ ದಿನ ಪೊಲೀಸರಿಗೆ ತಿಳಿಸಬೇಕು. ಆಗಲೂ ಹೇಳಬೇಕಾದ್ದು ಏನು ಸಿಕ್ಕಿತು ಎಂಬುದನ್ನು. ಯಾರು ಎಂದು ಹುಡುಕುವುದು ಅವರ ಕೆಲಸ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ: ‘ಪ್ರತಿ ಸಲವೂ ಆಕೆಯ ಡ್ಯೂಟಿಯಲ್ಲೇ ಆಗುತ್ತದೆ, ಇದಕ್ಕಿಂತ ಸಾಕ್ಷಿ ಬೇಕೇ?’ ಬೇಕು, ಖಂಡಿತ ಬೇಕು. ನೆದರ್‌ಲೆಂಡ್ಸ್‌ನ ನರ್ಸ್ ಲೂಸಿಯಾ ಡಿ ಬರ್ಕ್ ಅವರಿಗೆ 2003ರಲ್ಲಿ ಜೀವಾವಧಿ ಶಿಕ್ಷೆಯಾದದ್ದು ಬಹುಮಟ್ಟಿಗೆ ಇದೇ ತರ್ಕದ ಮೇಲೆ. ಆಕೆಯ ಪಾಳಿಗಳಲ್ಲೇ ಇಷ್ಟು ಸಾವುಗಳಾಗಿರುವುದು ಆಕಸ್ಮಿಕವಾಗಿರುವ ಸಾಧ್ಯತೆ 34.2 ಕೋಟಿಯಲ್ಲಿ ಒಂದು ಎಂಬ ಅಂಕಿ ನ್ಯಾಯಾಲಯದ ಮುಂದೆ ಬಂದಿತ್ತು. ಆಮೇಲೆ ಸಂಖ್ಯಾಶಾಸ್ತ್ರಜ್ಞರು ಲೆಕ್ಕ ಬಿಚ್ಚಿ ನೋಡಿದರೆ ಗುಣಾಕಾರದ ಕ್ರಮವೇ ತಪ್ಪು. ಅಷ್ಟೇ ಅಲ್ಲ, ಆಕೆ ಡ್ಯೂಟಿಯಲ್ಲಿದ್ದಾಗ ಆದ ಘಟನೆಗಳನ್ನು ‘ಸಂಶಯಾಸ್ಪದ’ದ ಪಟ್ಟಿಗೆ ಸೇರಿಸಿ, ಇಲ್ಲದಾಗ ಆದಂಥವನ್ನೇ ಸಹಜವೆಂದು ಬಿಟ್ಟಿದ್ದರು. ವೈದ್ಯಕೀಯ ಮರುಪರೀಕ್ಷೆಯಲ್ಲಿ ಕೊಲೆ ನಡೆದೇ ಇರಲಿಲ್ಲ ಎಂದಾಯಿತು, 2010ರ ಏಪ್ರಿಲ್‌ನಲ್ಲಿ ಆಕೆ ಖುಲಾಸೆಯಾದರು. ನಮ್ಮ ಕ್ಲಿನಿಕ್ಕಿಗೂ ಇದೇ ಎಚ್ಚರ ಬೇಕು. ವಾರದಲ್ಲಿ ಆರು ದಿನ, ಹತ್ತು ತಾಸು ಯಂತ್ರದ ಮುಂದೆ ಕೂರುವವರ ಡ್ಯೂಟಿಯಲ್ಲೇ ಯಂತ್ರ ಕೆಡುವುದು ಹೆಚ್ಚು, ಏಕೆಂದರೆ ಓಡುವುದೂ ಆಗಲೇ. ಆದ್ದರಿಂದ ಅನುಮಾನ ಹುಟ್ಟಿಸಿದ ಘಟನೆಗಳನ್ನಷ್ಟೇ ಎಣಿಸದೆ, ಕಳೆದ ಒಂದು ವರ್ಷದಲ್ಲಿ ಕ್ಲಿನಿಕ್ಕಿನಲ್ಲಿ ಕೆಟ್ಟ ಎಲ್ಲ ಉಪಕರಣಗಳ ಪಟ್ಟಿಯನ್ನು ಸರ್ವಿಸ್ ಬಿಲ್ಲುಗಳಿಂದ ತಯಾರಿಸಿ, ಆಮೇಲೆ ಪಕ್ಕದಲ್ಲಿ ಹಾಜರಿ ಪುಸ್ತಕ ಇಡಿ. ಹೆಸರು ಮನಸ್ಸಿನಲ್ಲಿಟ್ಟುಕೊಂಡು ಪಟ್ಟಿ ಮಾಡಿದರೆ ಪಟ್ಟಿ ಆ ಹೆಸರನ್ನೇ ಹೇಳುತ್ತದೆ.

ಸಿಸಿಟಿವಿ ಇದ್ದರೆ ಆತುರಪಡಬೇಕಾದ್ದು ಅದಕ್ಕೆ. ದೃಶ್ಯ ದಾಖಲಿಸುವ ಸಾಧಾರಣ ಡಿವಿಆರ್ ಕೆಲವೇ ವಾರಗಳಲ್ಲಿ ಹಳೆಯ ದೃಶ್ಯದ ಮೇಲೆ ಹೊಸದನ್ನು ಬರೆದುಕೊಳ್ಳುತ್ತದೆ. ಬೇಕಾದ ಹೊತ್ತಿನ ಹಿಂದುಮುಂದಿನ ಹಲವು ತಾಸುಗಳ ದೃಶ್ಯವನ್ನು ಪೂರ್ತಿ ನಕಲು ಮಾಡಿಡಿ. ಮೊಬೈಲಿನಲ್ಲಿ ಪರದೆಯ ವಿಡಿಯೊ ತೆಗೆದುಕೊಂಡರೆ ಸಾಲದು. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ದಾಖಲೆ ನ್ಯಾಯಾಲಯದಲ್ಲಿ ನಿಲ್ಲಬೇಕಾದರೆ ಸಾಧನದ ಉಸ್ತುವಾರಿಯವರ ಮತ್ತು ತಜ್ಞರ ಪ್ರಮಾಣಪತ್ರ, ಕಡತ ಬದಲಾಗಿಲ್ಲವೆಂದು ತೋರಿಸುವ ಹ್ಯಾಷ್ ಮೌಲ್ಯ ಬೇಕಾಗುತ್ತದೆ. ಅದಕ್ಕಾಗಿ ಮೂಲ ಹಾರ್ಡ್‌ಡಿಸ್ಕನ್ನೇ ಕಾಪಾಡುವುದು ಒಳ್ಳೆಯದು. ಹಾಗೆಂದು ಸಹೋದ್ಯೋಗಿಯನ್ನು ಹಿಡಿಯಲು ಗುಟ್ಟಾಗಿ ಮೊಬೈಲ್ ಅಡಗಿಸಿಡುವುದು, ಅದರಲ್ಲೂ ರೋಗಿಗಳನ್ನು ಪರೀಕ್ಷಿಸುವ ಅಥವಾ ಬಟ್ಟೆ ಬದಲಿಸುವ ಜಾಗದಲ್ಲಿ ಇಡುವುದು, ನಿಮ್ಮನ್ನೇ ಆರೋಪಿಯಾಗಿಸುವ ಕೆಲಸ. ಸ್ಕ್ಯಾನಿಂಗ್ ಯಂತ್ರವಾದರೆ ಇನ್ನೊಂದು ಎಚ್ಚರ: ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ ಅದು ನೋಂದಾಯಿತ ಯಂತ್ರ; ದುರಸ್ತಿಯ ಹೆಸರಿನಲ್ಲಿ ಸಂಬಂಧಪಟ್ಟ ಪ್ರಾಧಿಕಾರಕ್ಕೆ ತಿಳಿಸದೆ ಹೊರಗೆ ಸಾಗಿಸಬಾರದು.

ಸಂದೇಹಪಡುವವರು ಯಜಮಾನರೇ ಆಗಿರಬೇಕೆಂದಿಲ್ಲ. ಎಷ್ಟೋ ಸಲ ತನ್ನ ಯಂತ್ರವನ್ನೇ ಯಾರೋ ಕೆಡಿಸುತ್ತಿದ್ದಾರೆ, ಬೈಗುಳ ಮಾತ್ರ ತನಗೆ ಬೀಳುತ್ತಿದೆ ಎಂದು ಕಂಗಾಲಾದ ಕಿರಿಯ ನರ್ಸೋ ಟೆಕ್ನಿಷಿಯನ್ನೋ ಆಗಿರುತ್ತಾರೆ, ರಿಪೇರಿ ಖರ್ಚನ್ನು ಸಂಬಳದಲ್ಲಿ ಹಿಡಿಯುವ ಬೆದರಿಕೆಯೂ ಇರುತ್ತದೆ. ಅಂಥವರಿಗೆ ದೊಡ್ಡ ರಕ್ಷೆ ಪಾಳಿ ಬದಲಾಗುವಾಗ ಯಂತ್ರದ ಸ್ಥಿತಿ ಬರೆದು, ಬಿಟ್ಟುಕೊಡುವವರು ಮತ್ತು ವಹಿಸಿಕೊಳ್ಳುವವರು ಇಬ್ಬರೂ ಸಹಿ ಮಾಡುವ ಪುಸ್ತಕ. ಕ್ಲಿನಿಕ್ ಅದನ್ನು ಇಡದಿದ್ದರೆ ನೀವೇ ಇಡಿ, ಅನಲೈಸರಿನ ಕಂಟ್ರೋಲ್ ಬೆಲೆಗಳನ್ನು ದಿನವೂ ಬರೆಯಿರಿ. ಯಂತ್ರ ಕೆಡಿಸುವುದು ಲೈಂಗಿಕ ಕಿರುಕುಳಕ್ಕೆ ಒಪ್ಪದ ಮಹಿಳೆಯ ಮೇಲೆ ತೀರಿಸಿಕೊಳ್ಳುವ ಸೇಡಾಗಿದ್ದರೆ ದಾರಿ ಬೇರೆ. ಹತ್ತಕ್ಕಿಂತ ಕಡಿಮೆ ಜನರಿರುವ ಕ್ಲಿನಿಕ್ಕಿನ ಮಹಿಳೆ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಡಿ ಜಿಲ್ಲೆಯ ಸ್ಥಳೀಯ ಸಮಿತಿಗೆ ಮೂರು ತಿಂಗಳೊಳಗೆ ದೂರು ಕೊಡಬಹುದು.

ಯಂತ್ರದ ವಿಚಾರಣೆ ಮುಗಿದು, ಎಂಜಿನಿಯರು ‘ಇದು ತಾನಾಗಿ ಆದದ್ದಲ್ಲ’ ಎಂದು ಬರೆದುಕೊಟ್ಟ ಮೇಲೆ ಮನುಷ್ಯರ ಸರದಿ. ಆ ವರದಿ ಕಂಪನಿಯ ಲೆಟರ್‌ಹೆಡ್ಡಿನಲ್ಲಿ, ಏನು ಕಂಡು ಹಾಗೆ ಹೇಳುತ್ತಿದ್ದಾರೆಂಬ ಕಾರಣ ಸಹಿತ ಇರಬೇಕು, ಬಾಯಿಮಾತು ಲೆಕ್ಕಕ್ಕಿಲ್ಲ. ಖಾಸಗಿ ಕ್ಲಿನಿಕ್ಕಿನಲ್ಲಾದರೂ ಆರೋಪಪತ್ರ, ಉತ್ತರಕ್ಕೆ ಕಾಲಾವಕಾಶ, ಸಾಕ್ಷಿಗಳನ್ನು ಪ್ರಶ್ನಿಸುವ ಅವಕಾಶ, ದೂರು ಕೊಟ್ಟವರಲ್ಲದ ಬೇರೊಬ್ಬ ವಿಚಾರಣಾಧಿಕಾರಿ ಇವು ಇರಲೇಬೇಕು. ಸರ್ಕಾರಿ ನೌಕರರಿಗೆ 1957ರ ಕರ್ನಾಟಕ ಸಿವಿಲ್ ಸೇವಾ ನಿಯಮಗಳ ಇಲಾಖಾ ವಿಚಾರಣೆ ಇದೆ. ಗುತ್ತಿಗೆ ನೌಕರರಿಗೆ ಆ ರಕ್ಷಣೆ ಇಲ್ಲದಿರುವುದರಿಂದಲೇ ಅವರ ಮಾತನ್ನು ಇನ್ನಷ್ಟು ಕಿವಿಗೊಟ್ಟು ಕೇಳಬೇಕು. ಪೊಲೀಸ್ ದೂರಿಗೆ ಆಧಾರ ಭಾರತೀಯ ನ್ಯಾಯ ಸಂಹಿತೆಯ 324ನೇ ಕಲಂ. ಬೇಕೆಂದೇ ಆಸ್ತಿಗೆ ಹಾನಿ ಮಾಡಿದರೆ ಆರು ತಿಂಗಳವರೆಗೆ, ನಷ್ಟ 20 ಸಾವಿರದಿಂದ ಒಂದು ಲಕ್ಷದೊಳಗಿದ್ದರೆ ಎರಡು ವರ್ಷದವರೆಗೆ, ಒಂದು ಲಕ್ಷ ಅಥವಾ ಮೇಲ್ಪಟ್ಟರೆ ಐದು ವರ್ಷದವರೆಗೆ ಶಿಕ್ಷೆ ಆಗಬಹುದು. ಹೀಗಾಗಿ ಯಂತ್ರದ ಬಿಲ್ಲು, ದುರಸ್ತಿಯ ಅಂದಾಜು ದೂರಿನ ಜತೆಗಿರಲಿ. ರೋಗಿಯ ಜೀವಕ್ಕೆ ಕುತ್ತು ಬಂದಿದ್ದರೆ ಕಲಂಗಳು ಇನ್ನೂ ಗಂಭೀರವಾಗುತ್ತವೆ. ಅದೇ ಸಂಹಿತೆಯ 217 ಮತ್ತು 248ನೇ ಕಲಂಗಳು ಸುಳ್ಳು ಮಾಹಿತಿ, ಸುಳ್ಳು ಆರೋಪಗಳಿಗೆ ಶಿಕ್ಷೆ ಹೇಳುತ್ತವೆ, 356 ಮಾನಹಾನಿಗೆ, 238 ಸಾಕ್ಷ್ಯ ನಾಶಕ್ಕೆ. ದೂರು ಕೊಡುವವರು ನಾಲ್ಕನ್ನೂ ತಿಳಿದಿರಬೇಕು.

‘ಇಷ್ಟೆಲ್ಲ ರಗಳೆ ಯಾಕೆ, ತಿಂಗಳ ಸಂಬಳ ಕೊಟ್ಟು ಮನೆಗೆ ಕಳಿಸಿದರಾಯಿತು’ ಎನ್ನುವವರೇ ಹೆಚ್ಚು, ಮಾನ ಉಳಿಯುತ್ತದೆ ಎಂಬುದು ಅವರ ಲೆಕ್ಕ. ಕೆಲಸ ಕಳೆದುಕೊಂಡವರು ಕೆಡಿಸಿದವರಲ್ಲದಿದ್ದರೆ ನಿರಪರಾಧಿಯ ಅನ್ನ ಹೋಯಿತು, ಕೆಡಿಸಿದವರು ಒಳಗೇ ಉಳಿದರು. ಅವರೇ ಆಗಿದ್ದರೆ ಅಪಾಯವನ್ನು ಪಕ್ಕದ ಊರಿಗೆ ದಾಟಿಸಿದಂತಾಯಿತು. ಅಮೆರಿಕದ ನ್ಯೂಜೆರ್ಸಿ, ಪೆನ್ಸಿಲ್ವೇನಿಯಾಗಳಲ್ಲಿ ರೋಗಿಗಳನ್ನು ಕೊಲ್ಲುತ್ತಿದ್ದ ನರ್ಸ್ ಚಾರ್ಲ್ಸ್ ಕಲ್ಲೆನ್ 2003ರಲ್ಲಿ ಸಿಕ್ಕಿಬೀಳುವ ಮುಂಚೆ 16 ವರ್ಷಗಳಲ್ಲಿ ಹಲವು ಆಸ್ಪತ್ರೆಗಳನ್ನು ಬದಲಿಸಿದ್ದ. ಅನುಮಾನಪಟ್ಟವರು ಹೊರಹಾಕಿ ಕೈತೊಳೆದುಕೊಂಡರು, ಮುಂದಿನವರಿಗೆ ಯಾರೂ ಏನೂ ಹೇಳಲಿಲ್ಲ. ಅಲ್ಲೂ ಅವನ ವಿರುದ್ಧ ನಿಂತದ್ದು ಔಷಧ ಕೊಡುವ ಯಂತ್ರದ ದಾಖಲೆಯೇ. ವಿಚಾರಣೆ ನಡೆದು ತಪ್ಪಿಲ್ಲವೆಂದು ಕಂಡರೂ ಅದನ್ನು ಹಾಗೆಯೇ ಬರೆದು, ಅನುಮಾನಕ್ಕೆ ಒಳಗಾದವರ ಕೈಗೆ ಒಂದು ಪ್ರತಿ ಕೊಡಬೇಕು. ಕಂಪನಿಯದೇ ದೋಷವೆಂದು ತಿಳಿದುಬಂದರೆ, ಗಾಜಿಯಾಬಾದಿನ ಭಾರತೀಯ ಔಷಧಸಂಹಿತೆ ಆಯೋಗ 2015ರಿಂದ ನಡೆಸುತ್ತಿರುವ ವೈದ್ಯಕೀಯ ಸಾಧನಗಳ ನಿಗಾ ಕಾರ್ಯಕ್ರಮಕ್ಕೆ ತಿಳಿಸಿ. ಶುಲ್ಕವಿಲ್ಲದ ಸಹಾಯವಾಣಿ 1800-180-3024.

ಈ ಎಲ್ಲದರ ನಡುವೆ ಹೆಚ್ಚಾಗಿ ಮರೆತುಹೋಗುವುದು ಆ ಯಂತ್ರದ ಫಲಿತಾಂಶ ಹಿಡಿದು ಆಗಲೇ ಮನೆಗೆ ಹೋದವರು. ಅನಲೈಸರ್ ಸರಿಯಿತ್ತೆಂದು ಖಚಿತವಾಗಿ ಹೇಳಬಹುದಾದ ಕೊನೆಯ ಕಂಟ್ರೋಲ್ ಪರೀಕ್ಷೆ ಯಾವಾಗ ನಡೆದಿತ್ತು ಎಂದು ನೋಡಿ. ಅಲ್ಲಿಂದೀಚೆಗಿನ ಪ್ರತಿ ರಿಪೋರ್ಟೂ ಸಂಶಯದ್ದೇ. ಹಡಗಲಿಯ ಹೊಳೆಸಾಲಿನ ಹಳ್ಳಿಯವರೋ ಕೂಡ್ಲಿಗಿಯ ಗುಡೇಕೋಟೆ ಕಡೆಯವರೋ ಆ ರಿಪೋರ್ಟ್ ನೋಡಿಯೇ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಹೆಚ್ಚಿಸಿಕೊಂಡಿರಬಹುದು, ಗರ್ಭಿಣಿಯೊಬ್ಬರು ರಕ್ತ ಚೆನ್ನಾಗಿದೆ ಎಂದು ನಿಶ್ಚಿಂತೆಯಿಂದ ಇರಬಹುದು. ಆಟೋಕ್ಲೇವ್ ಕೈಕೊಟ್ಟಿದ್ದರೆ ಅದರಲ್ಲಿ ತೆಗೆದ ಸಲಕರಣೆಗಳಿಂದ ಹೊಲಿಗೆ ಹಾಕಿಸಿಕೊಂಡವರು, ಫ್ರಿಜ್ ಕೆಟ್ಟಿದ್ದರೆ ಆ ದಿನಗಳಲ್ಲಿ ಲಸಿಕೆ ಹಾಕಿಸಿಕೊಂಡ ಮಕ್ಕಳು. ಪಟ್ಟಿ ಮಾಡಿ, ಅವರಿಗೆ ಫೋನ್ ಮಾಡಿ. ಸಿಗದವರಿಗೆ ಆಶಾ ಕಾರ್ಯಕರ್ತೆಯ ಮೂಲಕ ಹೇಳಿಕಳಿಸಿ. ‘ಯಂತ್ರದಲ್ಲಿ ದೋಷವಿತ್ತು, ದುಡ್ಡಿಲ್ಲದೆ ಮತ್ತೊಮ್ಮೆ ಪರೀಕ್ಷೆ ಮಾಡುತ್ತೇವೆ, ಬನ್ನಿ’ ಎಂದಷ್ಟು ಹೇಳಿದರೆ ಸಾಕು. ಯಾರ ಹೆಸರನ್ನೂ ಎತ್ತಬೇಕಾಗಿಲ್ಲ, ವಿಚಾರಣೆ ಮುಗಿಯುವವರೆಗೆ ಕಾಯಬೇಕಾಗಿಯೂ ಇಲ್ಲ.